ಸಜ್ಜಿಯ ಹಗ್ಗ

ತಿಂಥಣಿ,
ತಾ. 16-11-2025, ಐತವಾರ

ನನ್ನ ಭೀಮೇಶಪ್ಪಗ, ನಿನ್ನ ಅವ್ವ ಮೌನಮ್ಮ ತಲಿ ಸವರಿ ಬರೆಯುವುದು.

ಮೈ ಆರಾಮ ಅದೇನು? ಹೋದ ಸಲ ಜೈಲಿಗೆ ಮುಲಾಖತಿಗೆ ಬಂದಾಗ ಕೆಮ್ಮಾಕತ್ತಿದ್ದಿ. ಆ ಜಾಳಿಗಿ ಆಚೆ ನಿನ್ನ ಮಾರಿ ಬರೋಬರ್ ಕಾಣಲಿಲ್ಲ, ಕೆಮ್ಮಿದ್ದು ಮಾತ್ರ ಕೇಳಿಸ್ತು. ಅಲ್ಲೇ ಒಳಗ ದವಾಖಾನಿ ಅದ ಅಂತಾರ, ಸಾಹೇಬ್ರಿಗೆ ಹೇಳಿ ಗುಳಿಗಿ ತಗೋ, ನಾಚಬ್ಯಾಡ. ಹಾಸಾಕ ಏನು ಕೊಟ್ಟಾರ? ಬರೇ ನೆಲಕ್ಕ ಮಲಗಬ್ಯಾಡ. ನೀ ಸಣ್ಣಾಂವ ಇದ್ದಾಗ ದೀಪಾವಳಿ ಆದಮ್ಯಾಲಿಂದ ಎಳ್ಳಮಾಸಿ ತನಕ ನಿನ್ನ ಎದಿ ಗೊರಗೊರ ಅಂತಿತ್ತು, ನಾ ಬಿಸಿ ಎಣ್ಣಿ ತಿಕ್ಕತಿದ್ದೆ. ಈಗ ಯಾರು ತಿಕ್ಕತಾರ. ಉಣ್ಣಾಕ ರೊಟ್ಟಿ ಕೊಡ್ತಾರೋ ಬರೇ ಅನ್ನಾನೋ? ಇದನ್ನೆಲ್ಲಾ ಅಲ್ಲೇ ಕೇಳಬೇಕಂತ ಮನಿಯಿಂದ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆಚೀಚೆ ನಿಂತ ಮಂದಿ ತಮ್ಮ ತಮ್ಮವರಿಗೆ ಒದರೋದ್ರಾಗ ನನಗ ಒಂದೂ ಬಾಯಿಗೆ ಬರಲಿಲ್ಲ. ಕಲಬುರ್ಗಿ ಬಸ್‌ಸ್ಟ್ಯಾಂಡಿಗೆ ಬಂದು ಕುಂತಮ್ಯಾಲ ಎಲ್ಲಾ ನೆನಪಾದ್ವು. ಅದಕ್ಕ ಬರಿಯಾಕತ್ತೇನಿ. ನಾಕನೇ ಇಯತ್ತೆ ಅರ್ಧ ಆಗಿದ್ದಾಗ ನಮ್ಮಪ್ಪ ಶಾಲಿ ಬಿಡಿಸಿ ಕುರಿ ಹಿಂದ ಕಳಿಸಿದ, ನಿನಗ ಗೊತ್ತದ. ಅಕ್ಷರ ತಪ್ಪಿದ್ರ ತಿದ್ದಿ ಓದ್ಕೋ. ಈ ಪತ್ರ ನಿನಗಿಂತ ಮೊದಲ ಅಲ್ಲಿನ ಸಾಹೇಬ್ರು ಓದತಾರಂತ ವಕೀಲ್ರು ಹೇಳ್ಯಾರ. ಸಾಹೇಬ್ರ, ನಿಮಗೂ ಶರಣ್ರಿ. ನನ್ನ ಬರಹಕ್ಕ ನಗಬ್ಯಾಡ್ರಿ. ಉದ್ದ ಆಯ್ತಂತ ಅರ್ಧಕ್ಕ ಇಡಬ್ಯಾಡ್ರಿ, ಕಡೀತನಕ ಓದಿ ನಮ್ಮ ಹುಡುಗನ ಕೈಗೆ ಕೊಡ್ರಿ.

ನಾನು ಆರಾಮ ಅದೀನಿ. ಆರಾಮ ಅಂದ್ರ ಏಳ್ತೀನಿ, ಕಸಾ ಹೊಡೀತೀನಿ, ಹತ್ತಿ ಬಿಡಸಾಕ ಹೋಗ್ತೀನಿ, ಬರ್ತೀನಿ. ಖಾರ ತಿಂದ್ರ ಖಾರ ಅನಸಲ್ಲ. ಮೊನ್ನೆ ಕಾದ ಹಂಚು ಬರಿಗೈಲೆ ಹಿಡದೆ, ಗುಳ್ಳಿ ಎದ್ದಮ್ಯಾಲ ಗೊತ್ತಾಯ್ತು. ಮಂದಿ ನನ್ನ ಮಾರಿ ನೋಡ್ತಾರ, ಅಳ್ತಾಳೇನೋ ಅಂತ. ಅಳು ಬರಲ್ಲ. ಇದೇನು ಜಡ್ಡಲ್ಲ, ನೀ ಫಿಕರ್ ಮಾಡಬ್ಯಾಡ. ಫಿಕರ್ ಮಾಡೋ ಕೆಲಸ ಮನ್ಯಾಗ ನನ್ನದು, ಅದನ್ನ ನಾ ಬರೋಬರ್ ಮಾಡಾಕತ್ತೇನಿ. ನಿಮ್ಮಪ್ಪ ಕಡೇಚೂರಿನ ಫ್ಯಾಕ್ಟ್ರ್ಯಾಗ ಇನ್ನೂ ಗೋಣಿಚೀಲ ಹೊರೋದ್ರಾಗ ಅದಾನ, ಹದಿನೈದು ದಿನಕ್ಕೊಮ್ಮೆ ಬರ್ತಾನ. ಇಬ್ಬರೂ ಉಂಡು, ನಿನ್ನ ಹರಗೋಲು ಬೋರಲು ಹಾಕಿದ್ದು ನೋಡಿಕೋತ ಕುಂದರ್ತೀವಿ. ತಳಕ್ಕ ಡಾಂಬರು ಬಳಿದೀನಿ, ಒಣಗಿ ಬಿರುಕು ಬಿಡಬಾರ್ದಂತ.

ಈಗ ಸಜ್ಜಿ ಸುದ್ದಿ. ನೀ ಪತ್ರ ಕೈಗೆ ಬಂದ ಕೂಡ್ಲೇ ಅದನ್ನೇ ಹುಡುಕ್ತಿ, ಗೊತ್ತು. ಬದುಕ್ಯಾಳ. ಮೊದಲ ಅದನ್ನ ಬರದೀನಿ, ಇನ್ನ ಸಾವಕಾಶ ಓದು. ಆದ್ರ ಮನ್ಯಾಗಿಲ್ಲ.

ನಿನಗ ಗೊತ್ತಿದ್ದ ಮಾತೇ, ಆದ್ರೂ ಒಮ್ಮೆ ಬರೀತೀನಿ, ಓದೋ ಸಾಹೇಬ್ರಿಗೂ ತಿಳೀಲಿ. ಎರಡು ವರ್ಷದ ಹಿಂದ ಸುರಪುರದ ಸಂತ್ಯಾಗ ಮೀನು ಮಾರಿ ಬರೋ ಮುಂದ ನಮ್ಮ ಹುಡುಗ ಟಾವೆಲ್ಲಿನಾಗ ಒಂದು ನಾಯಿಮರಿ ಸುತ್ತಿಕೊಂಡು ಬಂದ. ಸಜ್ಜಿ ಹಿಟ್ಟಿನ ಬಣ್ಣ, ಎರಡೂ ಕಣ್ಣಾಗ ಕೀವು. ದನದ ಡಾಕ್ಟ್ರು ಕೀವು ತೆಗೆದ್ರು, ಕಣ್ಣು ಉಳೀಲಿಲ್ಲ. ನಾ ಬೈದೆ. ಇದ್ದ ಕಣ್ಣಿನವರಿಗೇ ದಾರಿ ಕಾಣವಲ್ದು, ಇದನ್ನೆಲ್ಲಿ ಕಟ್ಟಿಕೊಂಡು ಬಂದಿ ಅಂದೆ. ನೀ ನಿಮ್ಮ ಮುತ್ಯಾ ಹೊಸೆದಿಟ್ಟಿದ್ದ ಪುಂಡಿನಾರಿನ ಹಗ್ಗ ತೆಗೆದಿ, ಹರಗೋಲು ಜಗ್ಗಿ ಜಗ್ಗಿ ಮೀನಿನ ವಾಸನಿ ಹಿಡಿದಿತ್ತಲ್ಲ, ಅದನ್ನ. ನಮ್ಮ ಬಾಗಿಲ ಚೌಕಟ್ಟಿಗೆ ಒಂದು ತುದಿ ಕಟ್ಟಿ, ಓಣಿ ಆಚೆ ಶಿವರಾಜನ ಮನಿ ಮುಂದಿನ ಬೇವಿನ ಗಿಡಕ್ಕ ಇನ್ನೊಂದು ತುದಿ ಕಟ್ಟಿದಿ, ಮೊಣಕಾಲು ಎತ್ತರಕ್ಕ. ಸಜ್ಜಿ ಆ ಹಗ್ಗಕ್ಕ ಹೆಗಲು ತಿಕ್ಕಿಕೋತ ಬೇವಿನ ಗಿಡದ ತನಕ ಹೋಗಾಕಿ, ಅಲ್ಲಿ ಕೆಲಸ ಮುಗಿಸಿ ಹಂಗೇ ತಿಕ್ಕಿಕೋತ ಮನಿಗೆ ಬರಾಕಿ. ಓಣಿ ಮಂದಿ ನಕ್ಕರು. ಆಮ್ಯಾಲ ಅವರಿಗೂ ರೂಢಿ ಆಯ್ತು, ಹಗ್ಗ ದಾಟಿ ದಾಟಿ ಓಡಾಡಿದ್ರು. ಶಿವರಾಜನ ಅವ್ವ ದೇವಕ್ಕ ಒಬ್ಬಾಕಿ ಮಾತ್ರ, ನನಗ ಸಂಜಿಕಡೆ ಕಣ್ಣು ಮಂಜು, ದೀಪ ಹಚ್ಚೋ ಹೊತ್ತಿಗೆ ಬಿಚ್ಚಪ್ಪಾ ಅಂದ್ಲು. ನೀ ಒಪ್ಪಿದಿ. ದಿನಾ ಹೊತ್ತು ಮುಳುಗೋ ಮುಂದ ಬಿಚ್ಚಿ, ಸುತ್ತಿ, ಒಳಗ ಮೊಳಿಗೆ ಹಾಕತಿದ್ದಿ.

ಕಾರಹುಣ್ಣಿಮಿ ಆದ ಮೂರನೇ ದಿನ ಸಂಜಿಮುಂದ ದೇವಕ್ಕ ಮೌನೇಶ್ವರನ ಗುಡಿಗೆ ಹೊಂಟಾಕಿ ಬಿದ್ಲು. ಸೊಂಟದ ಎಲುಬು ಮುರೀತು. ಹಗ್ಗಕ್ಕ ಎಡವಿ ಬಿದ್ದಾಳ ಅಂತ ಶಿವರಾಜ ಕುಡಗೋಲಿನಿಂದ ಹಗ್ಗ ಎರಡು ತುಂಡು ಮಾಡಿದ, ಸಜ್ಜಿಗೆ ಒದ್ದ. ನೀ ಹೊಳೀಗೆ ಮೀನಿನ ಬಲಿ ಹಾಕಾಕ ಹೋಗಿದ್ದಾಂವ ಗದ್ದಲ ಕೇಳಿ ಕೈಯಾಗ ಹರಗೋಲಿನ ಹುಟ್ಟು ಹಿಡಿದೇ ಬಂದಿ. ನಾ ಹಗ್ಗ ಬಿಚ್ಚಿಟ್ಟೇ ಹೋಗೀನಿ, ಸುಳ್ಳು ಹೇಳ್ತಿ, ಮನಿಯೊಳಗಿನ ಹಗ್ಗ ತಂದು ಕಡಿದು ನಾಟಕ ಮಾಡ್ತಿ ಅಂದಿ. ಅವ ನಿನ್ನ ಸುಳ್ಳಗಾರ ಅಂದ. ಮುಂದಿನದು ಬರಿಯಲ್ಲ. ಹುಟ್ಟಿನ ಏಟಿಗೆ ಅವನ ತಲಿಗೆ ಹನ್ನೊಂದು ಹೊಲಿಗಿ ಬಿದ್ವು. ಐದು ತಿಂಗಳಾಯ್ತು.

ಜಾಮೀನು ಎರಡು ಸಲ ಆಗಲಿಲ್ಲ. ದಸರೆ ಆದಮ್ಯಾಲ ನಾ ಶಿವರಾಜನ ಕಟ್ಟಿಗೆ ಹೋಗಿ ನಿಂತೆ. ಅವ ಒಳಗ ಹೋದ, ಹೊರಗ ಬಂದ, ಎಮ್ಮಿಗೆ ಮೇವು ಹಾಕಿದ. ನಾ ನಿಂತೇ ಇದ್ದೆ. ಕಡೀಗೆ ಅಂದ: "ಮೌನವ್ವ, ನಿನ್ನ ಮಗ ತಪ್ಪಾಯ್ತು ಅಂತ ಸಹಿ ಹಾಕ್ಲಿ. ಆ ನಾಯಿ, ಆ ಹಗ್ಗ, ಎರಡೂ ಈ ಓಣ್ಯಾಗ ನನ್ನ ಕಣ್ಣಿಗೆ ಬೀಳಬಾರ್ದು. ನಾನೂ ಸಹಿ ಹಾಕ್ತೀನಿ." ಕೆಟ್ಟ ದನಿಲೆ ಅಂದಿಲ್ಲ. ಒಳಗ ದೇವಕ್ಕ ನಾಕು ಕಾಲಿನ ಕೋಲು ಊರಿಕೋತ ನಡೆಯೋದು ಟಕ್ ಟಕ್ ಕೇಳಾಕತ್ತಿತ್ತು. ಅವ ಅದನ್ನ ಕೇಳಿಸಿಕೋತ ಮಾತಾಡಿದ. ವಕೀಲ್ರಿಗೆ ಹೇಳಿದೆ. ಹಂಗಾದ್ರ ಇಪ್ಪತ್ತೇಳನೇ ತಾರೀಖಿಗೆ ಜಾಮೀನು ಸಿಗ್ತದ, ಮುಂದ ರಾಜಿಗೂ ದಾರಿ ಆಗ್ತದ ಅಂದ್ರು. ನಿನ್ನ ಕಡೆ ಕಾಗದ ತಂದ್ರ ನೀ ಏನಂದಿ? ಸುಳ್ಳಗಾರನ ಮುಂದ ತಪ್ಪಾಯ್ತು ಅನ್ನಲ್ಲ, ಸಜ್ಜಿನ್ನ ಹೊರಗ ಹಾಕಿದ್ರ ನಾ ಹೊರಗ ಬರೋದೇ ಇಲ್ಲ ಅಂದಿ. ವಕೀಲ್ರು ಅದನ್ನ ಹಂಗೇ ಬಂದು ನನಗ ಒಪ್ಪಿಸಿದ್ರು.

ಆದ್ರೂ ನಾ ಮನಿ ಹುಡುಕಾಕ ಹತ್ತಿದೆ. ನೀ ಒಪ್ಪಿದಮ್ಯಾಲ ಹುಡುಕ್ತೀನಿ ಅಂತ ಕುಂತ್ರ ತಾರೀಖು ಕುಂದರಲ್ಲ.

ಮೊದಲ ನಿಮ್ಮಪ್ಪ ಕಡೇಚೂರಿಗೆ ಒಯ್ದ. ಫ್ಯಾಕ್ಟ್ರಿ ಗೇಟಿಗೆ ನಾಯಿ ಬೇಕಂತ ಯಾರೋ ಅಂದಿದ್ರಂತ. ಟೆಂಪೋದಾಗ ಹಿಂದ ಕುಂದ್ರಿಸಿಕೊಂಡು ಹೋದ. ಅಲ್ಲಿ ಪಾಳಿ ಬದಲಾಗೋ ಭೋಂಗಾ ಹೊಡೆದಾಗೊಮ್ಮೆ ಸಜ್ಜಿ ಗೇಟಿನ ಕಡೆ ಬೊಗಳೋದು ಬಿಟ್ಟು ಗ್ವಾಡಿ ಕಡೆ ತಿರುಗಿ ಬೊಗಳಿದ್ಲಂತ. ಲಾರಿ ಗಾಲಿಗೆ ಮೂಗು ತಾಗೋತನಕ ಹೋಗಿ ನಿಂತ್ಲಂತ. ಎರಡೇ ದಿನಕ್ಕ ನಿಮ್ಮಪ್ಪ ಹೊತ್ತುಕೊಂಡು ಬಂದು ಬಾಗಿಲಾಗ ಇಳಿಸಿದ. "ನಿನ್ನ ಮಗಳನ್ನ ಗಂಡನ ಮನ್ಯಾಗ ಇಟ್ಟುಕೊಳ್ಳಲಿಲ್ಲ" ಅಂದ. ಐದು ತಿಂಗಳಾಗ ಅವ ನಗೋ ಮಾತು ಆಡಿದ್ದು ಅದೊಂದೇ. ನಾನೂ ನಗಬೇಕಿತ್ತು, ಆದ್ರ ಅದು ನಗೋ ಮಾತಂತ ನನಗ ಆಮ್ಯಾಲ ಹೊಳೀತು.

ಊರಾಗ ಕೇಳಿದ್ರ ಎಲ್ಲಾರದೂ ಒಂದೇ ಮಾತು. ಹೊಳಿ ದಾಟಿಸಿ ಬಿಡು. ನಮ್ಮ ಕಡೆ ಬ್ಯಾಡಾದ ನಾಯಿ ಬೆಕ್ಕು ಹಂಗೇ ಅಲ್ಲೇನು ಬಿಡೋದು, ನೀರು ದಾಟಿದ ಪ್ರಾಣಿ ತಿರುಗಿ ಬರಲ್ಲ ಅಂತ. ಇದನ್ನ ನಿನಗ ಹೇಳಬಾರ್ದು ಅಂದಿದ್ದೆ. ಆದ್ರ ಈ ಪತ್ರದಾಗ ಮುಚ್ಚಿಡಬಾರ್ದಂತ ಮಾಡೀನಿ. ಒಂದು ದಿನ ಮುಂಜಾನೆ ನಿನ್ನ ಹರಗೋಲು ನೀರಿಗೆ ಇಳಿಸಿ, ಸಜ್ಜಿನ್ನ ಕುಂದ್ರಿಸಿ, ನಾನೇ ಹುಟ್ಟು ಹಾಕಿದೆ. ಆಚೆ ದಂಡಿಗೆ ಹೋಗೋತನಕ ನನಗೇನೂ ಅನಸಲಿಲ್ಲ. ಹತ್ತಿ ಚೀಲ ಒಯ್ಯೋರಂಗ ಒಯ್ದೆ. ಮರಳಾಗ ಇಳಿಸಿ, ಪಾರ್ಲೆ ಬಿಸ್ಕೀಟು ಮುಂದ ಹಾಕಿ, ಹಿಂದಕ್ಕ ಸರದೆ. ಅಕಿ ಬಿಸ್ಕೀಟು ಮೂಸಲಿಲ್ಲ. ತಡಕಾಡಿ ಹರಗೋಲಿನ ಅಂಚಿಗೆ ಹೆಗಲು ಹಚ್ಚಿದ್ಲು. ಹಚ್ಚಿ ನಡೆದ್ಲು. ಹರಗೋಲು ದುಂಡಗಲ್ಲೇನು, ಅಂಚು ಮುಗಿಯೋದೇ ಇಲ್ಲ. ಒಂದು ಸುತ್ತು ಹಾಕಿದ್ಲು, ಮತ್ತೊಂದು ಹಾಕಿದ್ಲು, ಮನಿ ಬಂದೇ ಬರ್ತದ ಅನ್ನೋ ಧೈರ್ಯದ ಮ್ಯಾಲ ಸುತ್ತಿದ್ಲು. ನಾ ಎಣಿಸಲಿಲ್ಲ. ಆಮ್ಯಾಲ ಎತ್ತಿ ಒಳಗ ಹಾಕಿ ತಿರುಗಿ ಬಂದೆ. ಬಿಸ್ಕೀಟು ಅಲ್ಲೇ ಬಿದ್ದಿತ್ತು.

ಆಮ್ಯಾಲ ಸುರಪುರದ ಸಂತ್ಯಾಗ ಶರೀಫಾಬೀ ಮುಂದ ಕುಂತೆ. ನಿನ್ನ ಮೀನು ತಗೋತಿದ್ಲಲ್ಲ, ಅಕಿನೇ. ನಿನ್ನ ಕೇಳ್ತಾಳ, ಹುಡುಗ ಯಾವಾಗ ಬರ್ತಾನ, ನಿಮ್ಮ ಹೊಳಿ ಮೀನು ಬರೋದು ನಿಂತು ನನ್ನ ಗಿರಾಕಿ ಕೆಟ್ಟು ಹೋಗ್ಯಾವ ಅಂತ. ನಾಯಿ ಸುದ್ದಿ ಕೇಳಿ ಅಂದ್ಲು: "ಹೆಣ್ಣು, ಮ್ಯಾಲ ಕುರುಡು. ಮೌನವ್ವಾ, ಎರಡು ಕಣ್ಣಿದ್ದ ಹೆಣ್ಣಿಗೇ ವರಾ ಸಿಗವಲ್ವು, ನೀ ಸಂತಿಗೆ ಬಂದು ಇದಕ್ಕ ಹುಡುಕಾಕತ್ತಿ." ಸುತ್ತ ಕುಂತವರೆಲ್ಲಾ ನಕ್ಕರು. ನಕ್ಕಮ್ಯಾಲ ಅಕಿನೇ ಒಂದು ಮನಿ ಹೇಳಿದ್ಲು. ಸಗರದಾಗ ಭಾಗಣ್ಣ ಅಂತ, ಆಡು ಸಾಕ್ಯಾನ, ಅವನ ಹಟ್ಟಿ ನಾಯಿ ಮುದಿಯಾಗಿ ಹೋದ ತಿಂಗಳ ಸತ್ತದ, ಕೇಳಿ ನೋಡು ಅಂತ. ಫೋನು ಹಚ್ಚಿ ಕೊಟ್ಲು. ನಾ ಮೊದಲೇ ಹೇಳಿಬಿಟ್ಟೆ, ಕಣ್ಣಿಲ್ರಿ ಅದಕ್ಕ ಅಂತ. ಆಮ್ಯಾಲ ಗೊತ್ತಾಗಿ ಬೈಯೋದಕ್ಕಿಂತ ಈಗ ಬ್ಯಾಡ ಅಂದ್ರ ಛಲೋ ಅಲ್ಲೇನು. ಆ ಮನುಷ್ಯ ಅಂದ: "ಯಕ್ಕಾ, ಕಳ್ಳ ಬರೋದು ಕತ್ತಲ್ಯಾಗ. ಕತ್ತಲ್ಯಾಗ ನನ್ನ ಕಣ್ಣೂ ಅಷ್ಟ, ನಿನ್ನ ಕಣ್ಣೂ ಅಷ್ಟ. ಕಿವಿ ಅದಾವಿಲ್ಲ?" ಕಿವಿ ಅದಾವ್ರಿ ಅಂದೆ. ಇಲಿ ತಿರುಗಿದ್ರೂ ಕೇಳಸ್ತದ್ರಿ ಅಂದೆ. ಬರ್ತೀನಿ ಅಂದ.

ಅಮಾಸಿ ಮುಗಿದ ಹನ್ನೆರಡನೇ ದಿನ ತನ್ನ ಹೆಂಡ್ತಿ ಮಹಾನಂದಾನ್ನ ಕರಕೊಂಡು ಬಂದ. ಛಲೋ ಮಂದಿ, ಭೀಮ್ಯಾ. ಅಕಿ ಸಜ್ಜಿ ಮುಂದ ಕುಂತು ಮೊದಲ ಕೈ ಮೂಸಾಕ ಕೊಟ್ಲು, ಆಮ್ಯಾಲ ಮುಟ್ಟಿದ್ಲು. ಅದನ್ನ ನೋಡೇ ನಾ ಅರ್ಧ ಒಪ್ಪಿದ್ದೆ. ಮದುವಿ ಹೆಣ್ಣು ಕಳಿಸೋರಂಗ ಎಲ್ಲಾ ಹೇಳಿಕೊಟ್ಟೆ. ಹಿಂದಿನಿಂದ ಮುಟ್ಟಬ್ಯಾಡ್ರಿ, ಮೊದಲ ಹೆಸರು ಕರೀರಿ, ಬೆದರಿದ್ರ ಕಚ್ತಾಳ. ತಾಟು ದಿನಾ ಒಂದೇ ಜಾಗಾದಾಗ ಇಡ್ರಿ, ಇಟ್ಟು ಎರಡು ಸಲ ಉಗುರಿನಿಂದ ಬಡೀರಿ. ಹಾದ್ಯಾಗ ಹೊರಸು, ಕೊಡ ಇಡಬ್ಯಾಡ್ರಿ. ಬಿಸಿ ರೊಟ್ಟಿ ಹಾಕಬ್ಯಾಡ್ರಿ, ಕಾಣಲ್ದಕ್ಕ ಬಾಯಿ ಸುಟ್ಟಕೋತಾಳ. ಮಹಾನಂದಾ ಹೂಂ ಹೂಂ ಅಂತ ಎಲ್ಲಾ ಕೇಳಿದ್ಲು. ಭಾಗಣ್ಣ ತಾನು ತಂದ ಹೊಸಾ ಹಗ್ಗ ತೆಗೆದ, ನೀಲಿ ಬಣ್ಣದ್ದು, ಅಂಗಡ್ಯಾಗ ಸಿಗೋವಂಥದ್ದು. ದನಾ ಕೊಟ್ಟ ಮನಿಯವರು ಹಗ್ಗ ಕೊಡಬಾರ್ದು, ತಗೊಂಡವರೇ ತರಬೇಕು, ಅವನಿಗೂ ಗೊತ್ತು, ನನಗೂ ಗೊತ್ತು. ಹಗ್ಗದ ಜೋಡಿ ಮನಿ ಭಾಗ್ಯ ಹೋಗ್ತದಂತ ನಮ್ಮ ಅತ್ತಿ ಎಮ್ಮಿ ಮಾರಿದಾಗ ಅದರ ಕೊರಳ ಕಣ್ಣಿ ಬಿಚ್ಚಿ ಮೊಳಿಗೆ ಹಾಕಿದ್ದು ನೀನೂ ನೋಡೀದಿ. ನಿನ್ನ ಹಗ್ಗದ ಮಾತು ನಾ ಎತ್ತಲಿಲ್ಲ. ಎರಡೂ ತುಂಡು ಅಟ್ಟದ ಮ್ಯಾಲ ಜೋಳದ ಚೀಲದ ಹಿಂದ ತುರುಕಿದ್ದೆ, ಜೂನ್ ತಿಂಗಳಾಗ, ನೀ ಹೋದ ಮರುದಿನ. ಆಮ್ಯಾಲ ಮುಟ್ಟಿದ್ದಿಲ್ಲ. ಸಜ್ಜಿ ಟಂಟಂ ಗಾಡಿ ಹತ್ತಿದ್ಲು. ಬೊಗಳಲಿಲ್ಲ. ನಾ ಒಳಗ ಬಂದು ಅಕಿ ತಾಟು ತೊಳೆದು ಬೋರಲು ಹಾಕಿದೆ. ಒಂದು ಕೆಲಸ ಮುಗೀತು ಅಂದೆ. ಶಿವರಾಜ ತನ್ನ ಕಟ್ಟಿ ಮ್ಯಾಲಿಂದ ನೋಡಿದ.

ಏಳನೇ ದಿನ ಭಾಗಣ್ಣನ ಫೋನು ಬಂತು. ಇಳಿಸಿದ ಜಾಗಾದಾಗೇ ಕುಂತಾಳ ಅಂದ. ತಾಟು ಬಡದ್ರ ಕಿವಿ ಎತ್ತತಾಳ, ಏಳಲ್ಲ. ಉಚ್ಚಿ ಕುಂತಲ್ಲೇ. ನೀರು ಮಹಾನಂದಾ ಬಾಯಿಗೆ ಹಿಡಿದ್ರ ನಾಕು ಗುಟುಕು. "ಯಕ್ಕಾ, ನಾ ಬೈಯಾಕ ಫೋನ್ ಮಾಡಿಲ್ಲ. ಸಾಯೋ ಜೀವ ತನ್ನ ಮನ್ಯಾಗ ಸಾಯಬೇಕು. ಬಂದು ಒಯ್ಯಿ" ಅಂದ. ನಾ ಹೂಂ ಅಂದೆ. ಫೋನು ಇಟ್ಟೆ. ಎಲ್ಲಿಗೆ ಒಯ್ಯಲಿ? ಓಣ್ಯಾಗ ತಂದ್ರ ಶಿವರಾಜ ಸಹಿ ಹಾಕಲ್ಲ, ನೀ ಬರಲ್ಲ. ಅಲ್ಲೇ ಬಿಟ್ರ ಅದು ಸಾಯ್ತದ, ಸತ್ತದ್ದು ಗೊತ್ತಾದ್ರ ನೀ ಸಹಿ ಹಾಕಲ್ಲ, ಆವಾಗೂ ಬರಲ್ಲ. ಎರಡೂ ಕಡೆ ಯೋಚಿಸಿ ನೋಡಿದೆ, ಎರಡೂ ಕಡೆ ನೀ ಅಲ್ಲೇ ಇದ್ದಿ. ಆ ದಿನ ಹತ್ತಿ ಬಿಡಸಾಕ ಹೋಗಿ ನಾ ಬರೇ ಎಲಿ ಕಿತ್ತು ಉಡಿಗೆ ತುಂಬಿಕೊಂಡಿದ್ದೆನಂತ, ಜೋಡಿ ಇದ್ದವರು ಹೇಳಿದ್ರು.

ಮರುದಿನ ಸಗರಕ್ಕ ಹೋದೆ. ಶಹಾಪುರದಾಗ ಇಳಿದು ಟಂಟಂ ಹಿಡಿದೆ. ಸಜ್ಜಿ ನನ್ನ ವಾಸನಿ ಹಿಡಿದು ಬಾಲ ಒಮ್ಮೆ ನೆಲಕ್ಕ ಬಡಿದ್ಲು, ಏಳಲಿಲ್ಲ. ಎಲುಬು ಕಾಣಾಕತ್ತಿದ್ವು. ಅಕಿ ಜೋಡಿ ನೆಲದ ಮ್ಯಾಲ ಕುಂತೆ. ಹಟ್ಟಿ ದೊಡ್ಡದು, ನಾಕೂ ಕಡೆ ಬಯಲು, ಹೆಗಲಿಗೆ ಹತ್ತೋವಂಥದ್ದು ಏನೂ ಇಲ್ಲ. ಆವಾಗ ನನಗ ಹೊಳಿ ದಂಡ್ಯಾಗ ಅಕಿ ಹರಗೋಲು ಸುತ್ತಿದ್ದು ನೆನಪಾಯ್ತು. ಕಣ್ಣಿದ್ದ ನಾನು ಎಲ್ಲಾ ಕೊಟ್ಟು ಅಕಿ ಕಣ್ಣೇ ಅಟ್ಟದ ಮ್ಯಾಲ ಇಟ್ಟು ಬಂದಿದ್ದೆ. ಎಮ್ಮಿಗೆ ಹಗ್ಗ ಬ್ಯಾರೆ, ಇದಕ್ಕ ಹಗ್ಗ ಬ್ಯಾರೆ. ಇಷ್ಟು ತಿಳಿಯಾಕ ಒಂದು ಜೀವ ಏಳು ದಿನ ಉಪವಾಸ ಕೂಡಬೇಕಾಯ್ತು.

ಮನಿಗೆ ಬಂದು ನಿಮ್ಮಪ್ಪಗ ಫೋನಿನಾಗ ಹೇಳಿದೆ, ಹಗ್ಗ ಕೊಟ್ಟು ಬರ್ತೀನಿ ಅಂತ. ಅವ ಗಾಬರಿ ಆದ. "ಹಗ್ಗಾನೂ ಕೊಟ್ರ ಮನ್ಯಾಗ ಏನು ಉಳೀತದ?" ಅಂದ. "ಈಗ ಏನು ಅದ?" ಅಂದೆ. ಅವನ ಕಡೆ ಭೋಂಗಾ ಹೊಡೀತು, ಇಟ್ಟ.

ಅಟ್ಟ ಹತ್ತಿದೆ. ಹಗ್ಗ ತೆಗೆಯಾಕ ಎಷ್ಟು ಹೊತ್ತು ಹಿಡೀತು ಕೇಳಬ್ಯಾಡ. ಮರುದಿನ ಎರಡೂ ತುಂಡು ಸಗರಕ್ಕ ಒಯ್ದು ಗಂಟು ಹಾಕಿದೆ. ಹಟ್ಟಿ ಬಾಗಿಲ ಗೂಟಕ್ಕ ಒಂದು ತುದಿ, ನೀರಿನ ಬಾನಿ ಹತ್ರದ ಗೂಟಕ್ಕ ಒಂದು ತುದಿ, ಭಾಗಣ್ಣನೇ ಜಗ್ಗಿ ಬಿಗಿದ. ನೀ ಕಟ್ಟತಿದ್ದ ಎತ್ತರಕ್ಕೇ ಕಟ್ಟಿಸಿದೆ. ಸಜ್ಜಿನ್ನ ಎತ್ತಿ ಹೆಗಲು ಹಗ್ಗಕ್ಕ ಹಚ್ಚಿದೆ. ಮೊದಲ ಮೂಸಿದ್ಲು. ಬಾಳ ಹೊತ್ತು ಮೂಸಿದ್ಲು. ಆಮ್ಯಾಲ ನಡೆದ್ಲಪ್ಪಾ. ಕಾಲು ನಡುಗಿಸಿಕೋತ ನಡೆದ್ಲು. ಮಹಾನಂದಾ ಸೆರಗು ಬಾಯಿಗೆ ಹಿಡಿದ್ಲು. ನನಗೇನೂ ಬರಲಿಲ್ಲ, ನಾ ನೋಡಿದೆ. ಗಂಟಿನ ತನಕ ಬಂದು ನಿಂತ್ಲು. ಗಂಟು ಹೆಗಲಿಗೆ ಹತ್ತಿದ ಕೂಡ್ಲೇ ಹಗ್ಗ ಮುಗೀತು ಅಂತ ತಿಳಕೊಂಡು ತಿರುಗಿ ಬಂದ್ಲು. ನೀರಿನ ಬಾನಿ ಗಂಟಿನ ಆಚೆ. ಬಾನಿ ಈಚೆ ತರೋಣ ಅಂದೆ. ಭಾಗಣ್ಣ ಬ್ಯಾಡ ಅಂದ. "ಗಂಟು ಅದರ ತಪ್ಪಲ್ಲ, ಆದ್ರ ದಾಟೋದು ಅದೇ ದಾಟಬೇಕು. ರೊಟ್ಟಿ ಈಚೆ ಹಾಕ್ತೀನಿ, ನೀರು ಆಚೆ ಇರ್ಲಿ." ನಾಕು ದಿನ ಗಂಟಿನ ತನಕ ಹೋಗಿ ಬಂದಾಳಂತ. ದಿನಾ ಸಂಜಿಮುಂದ ಮಹಾನಂದಾ ಫೋನ್ ಮಾಡಿ ಇವತ್ತೂ ಇಲ್ಲಕ್ಕಾ ಅಂತಿದ್ಲು, ನೀರು ಗಂಟಿನ ಹತ್ರ ಒಯ್ದು ಕುಡಿಸಾಕತ್ತೀನಿ ಅಂತಿದ್ಲು. ನಿನ್ನೆ ಮುಂಜಾನೆ ಫೋನು ಬಂತು. ಗಂಟು ದಾಟ್ಯಾಳ. ದಾಟಿ ಹೋಗಿ ಬಾನ್ಯಾಗ ಮಾರಿ ಇಟ್ಟು ಆಡಿನ ಜೋಡಿ ನೀರು ಕುಡಿದಾಳ.

ಇಷ್ಟ ಸುದ್ದಿ. ಇದನ್ನ ಓದಿ ನಿನಗ ಸಿಟ್ಟು ಬರ್ತದೋ ಸಮಾಧಾನ ಆಗ್ತದೋ ನಾ ಕಾಣೆ. ಹೊರಗ ಬಂದ ದಿನ ಸೀದಾ ಮನಿಗೆ ಬರಬ್ಯಾಡ, ಶಹಾಪುರದಾಗ ಇಳಿದು ಸಗರಕ್ಕ ಹೋಗಿ ಅಕಿನ್ನ ನೋಡಿಕೊಂಡು ಬಾ. ಆದ್ರ ಬಿಚ್ಚಿಕೊಂಡು ಬರಬ್ಯಾಡ. ಆ ಗಂಟು ದಾಟಾಕ ಅಕಿಗೆ ನಾಕು ದಿನ ಹಿಡಿದಾವ, ಇನ್ನೊಂದು ಹೊಸಾ ಜಾಗಾ ಅಕಿಗೆ ಬ್ಯಾಡ. ಗುಳಿಗಿ ತಗೋ. ಯಾರ ಜೋಡಿನೂ ಜಗಳಕ್ಕ ಹೋಗಬ್ಯಾಡ, ಯಾರಾದ್ರೂ ಸುಳ್ಳು ಹೇಳಿದ್ರೂ ಹೋಗಬ್ಯಾಡ. ನಿಮ್ಮಪ್ಪ ನಿನ್ನ ನೆನೆಸ್ಯಾನ, ಬಾಯಿ ಬಿಟ್ಟು ಹೇಳಿಲ್ಲ, ನಾ ಹೇಳಾಕತ್ತೇನಿ. ಶರೀಫಾಬೀ ಸಲಾಂ ಹೇಳ್ಯಾಳ. ಮೌನೇಶ್ವರ ನಿನ್ನ ಹಿಂದೂ ಮುಂದೂ ಇರ್ಲಿ, ನನ್ನ ಆಯುಷ್ಯದಾಗಿನ ಅರ್ಧ ನಿನಗ ಹತ್ಲಿ. ಸಾಹೇಬ್ರ, ನಿಮ್ಮ ಮನಿ ಮಕ್ಕಳೂ ತಣ್ಣಗಿರ್ಲಿ.

ನಿನ್ನ ಅವ್ವ,
ಮೌನಮ್ಮ ಗಂಡ ಹುಲಗಪ್ಪ

ತಾ.ಕ. — ಕಾಗದ ಮುಗೀತು ಅಂತ ಮಡಚಿದ್ದೆ, ಮತ್ತ ಬಿಚ್ಚೀನಿ. ಜಾಗಾ ಕಮ್ಮಿ ಅದ, ಸಣ್ಣಗ ಬರೀತೀನಿ, ಬೆಳಕಿಗೆ ಹಿಡಿದು ಓದು. ಭೀಮ್ಯಾ, ಶಿವರಾಜ ಸುಳ್ಳು ಹೇಳಿಲ್ಲ. ನೀನೂ ಸುಳ್ಳು ಹೇಳಿಲ್ಲ. ನೀ ಬಿಚ್ಚಿಟ್ಟು ಹೊಳೀಗೆ ಹೋದಿ, ಖರೆ. ನೀ ಹೋದಮ್ಯಾಲ ಸಜ್ಜಿ ಬಾಗಿಲಾಗ ಕುಂಯ್ ಕುಂಯ್ ಅಂದ್ಲು. ನಾ ರೊಟ್ಟಿ ಬಡಿಯಾಕತ್ತಿದ್ದೆ, ಹಂಚಿನ ಮ್ಯಾಲ ರೊಟ್ಟಿ ಇತ್ತು, ಅಕಿ ಜೋಡಿ ಹೋಗಾಕ ಆಗಲ್ಲ ಅಂತ ಮೊಳಿಗಿದ್ದ ಹಗ್ಗ ತೆಗೆದು ಮತ್ತ ಬೇವಿನ ಗಿಡಕ್ಕ ಕಟ್ಟಿ ಒಳಗ ಬಂದೆ. ಎರಡು ರೊಟ್ಟಿ ಬಡದು ಬಿಚ್ಚೋಣ ಅಂದೆ. ಎರಡನೇದು ಬಡಿಯೋದ್ರಾಗ ದೇವಕ್ಕ ಚೀರಿದ್ಲು. ನೀ ಹುಟ್ಟು ಎತ್ತಿದಾಗ ನಾ ಬಾಗಿಲಾಗೇ ಇದ್ದೆ, ಕೈಯೆಲ್ಲಾ ಹಿಟ್ಟಾಗಿತ್ತು, ಒಂದು ಮಾತು ಅಂದಿದ್ರ ಸಾಕಿತ್ತು. ಅನ್ನಲಿಲ್ಲ. ಪೊಲೀಸ್ರು ಕೇಳಿದಾಗ ನಾ ಒಳಗಿದ್ದೆ ಅಂದೆ. ಎರಡು ಸಲ ಜಾಳಿಗಿ ಮುಂದ ನಿಂತೂ ಅನ್ನಲಿಲ್ಲ. ನಾಳೆ ಮುಂಜಾನೆ ಮೊದಲ ಈ ಪತ್ರ ಡಬ್ಬಿಗೆ ಹಾಕ್ತೀನಿ, ಹಾಕಿದಮ್ಯಾಲ ಹಿಂದಕ್ಕ ಸರಿಯಾಕ ಬರಲ್ಲ. ಅಲ್ಲಿಂದ ಸೀದಾ ದೇವಕ್ಕನ ಹತ್ರ ಹೋಗಿ ಹೇಳ್ತೀನಿ, ಆಮ್ಯಾಲ ವಕೀಲ್ರಿಗೆ ಹೇಳ್ತೀನಿ. ಸಾಹೇಬ್ರೂ ಓದ್ಲಿ. ಹಗ್ಗ ಕಟ್ಟಿದಾಕಿ ನಾನು. ಇಪ್ಪತ್ತೇಳಕ್ಕ ಸಹಿ ಹಾಕಪ್ಪಾ, ನೀ ತಪ್ಪಾಯ್ತು ಅನ್ನೋದು ಸುಳ್ಳಗಾರನ ಮುಂದಲ್ಲ.